ಕೋವಿ ಕೆಳಗಿಟ್ಟ ಬಯಲು

ರೋಹಿಣಿ, ಹೊರಡುವ ಮುನ್ನ

ನಮ್ಮ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಅಮೆರಿಕ ಹುಟ್ಟುವುದಕ್ಕೆ ಒಂದೂವರೆ ಪುಟ ಸಾಕು. ಮೊದಲ ಪ್ಯಾರಾದಲ್ಲಿ ಇಂಗ್ಲಿಷರು ಹಡಗಿನಿಂದ ಇಳಿಯುತ್ತಾರೆ, ಎರಡನೆಯದರಲ್ಲಿ ಚಹಾ ಸಮುದ್ರಕ್ಕೆ ಬೀಳುತ್ತದೆ, ಮೂರನೆಯದರಲ್ಲಿ ಘೋಷಣೆಗೆ ಸಹಿ ಹಾಕುತ್ತಾರೆ, ಪುಟ ತಿರುಗಿಸುವಷ್ಟರಲ್ಲಿ ಬ್ರಿಟಿಷ್ ಸೈನ್ಯ ಸೋತು ಶರಣಾಗಿರುತ್ತದೆ. ದೆಹಲಿಯ ರೋಹಿಣಿಯ ಒಂದು ಶಾಲೆಯಲ್ಲಿ ಹದಿನೇಳು ವರ್ಷದಿಂದ ಈ ಒಂದೂವರೆ ಪುಟವನ್ನು ಪಾಠ ಮಾಡುತ್ತಿದ್ದೇನೆ. ಮಕ್ಕಳು ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದರೂ ನನ್ನ ಬಳಿ ಉತ್ತರವಿಲ್ಲ. ಹೀಗಾಗಿ ಈ ಬೇಸಿಗೆ ರಜೆಯಲ್ಲಿ ಆ ನಾಲ್ಕು ಪ್ಯಾರಾಗಳನ್ನು ಕಣ್ಣಾರೆ ನೋಡಿಕೊಂಡು ಬರುವುದೆಂದು ಹೊರಟೆ.

ಮೊದಲು ಹೊರಟಿದ್ದು ನಾನು ಮತ್ತು ಮಗಳು ದೇಚಮ್ಮ, ಇಬ್ಬರೇ. ಅವಳು ಹನ್ನೆರಡನೇ ತರಗತಿ ಮುಗಿಸಿದ್ದಳು. ನನ್ನ ಗಂಡ ಸೈನ್ಯದಲ್ಲಿದ್ದಾರೆ, ಗಡಿಯಲ್ಲಿದ್ದಾರೆ, ರಜೆ ಸಿಗಲಿಲ್ಲ. ನಾನು ಮಂಡ್ಯದವಳು, ಅವರು ಕೊಡಗಿನವರು. ಮಾವ ಬೋಪಯ್ಯನವರು ಸುಬೇದಾರರಾಗಿ ನಿವೃತ್ತರಾಗಿ, ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಾರೆ. ಎಪ್ಪತ್ನಾಲ್ಕು ವರ್ಷ. ಗದ್ದಲ ಎಂದು ದೆಹಲಿಯ ಪೇಟೆ ಕರೋಲ್ ಬಾಗ್‌ಗೂ ಬಾರದ ಮನುಷ್ಯ. ಒಂದು ದಿನ ಊಟದ ಮೇಜಿನ ಮೇಲೆ ನಾನು ಹರಡಿದ್ದ ನಕ್ಷೆಯ ಮೇಲೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಕೇಳಿದರು.

“ಇದೇನು, ಸರೆಂಡರ್ ಫೀಲ್ಡ್?”

“ಯಾರ್ಕ್‌ಟೌನ್ ಅಂತ ಊರು ಮಾವ. ಬ್ರಿಟಿಷರು ಸೋತು ಕೋವಿ ಕೆಳಗಿಟ್ಟ ಜಾಗ. ಈಗ ಬರೀ ಬಯಲು.”

“ಆ ಬಯಲನ್ನ ಹಾಗೇ ಇಟ್ಟಿದ್ದಾರಾ? ನೋಡೋಕೆ ಬಿಡ್ತಾರಾ?”

“ಬಿಡ್ತಾರೆ.”

“ಹಾಗಾದ್ರೆ ನಾನೂ ಬರ್ತೀನಿ.”

ನನಗೆ ಖುಷಿಗಿಂತ ಹೆಚ್ಚು ಗಾಬರಿಯಾಯಿತು. ಮದುವೆಗೆ ಮುಂಚೆ ನನ್ನ ಗಂಡ ತಮ್ಮ ತಂದೆಯ ಬಗ್ಗೆ ಒಂದು ಮಾತು ಹೇಳಿದ್ದರು: ಅಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ಸೆರೆ ಸಿಕ್ಕಿದ್ದರು, ಒಂದು ವರ್ಷದ ಮೇಲೆ ವಾಪಸು ಬಂದರು, ಅದರ ಬಗ್ಗೆ ಯಾವತ್ತೂ ಕೇಳಬೇಡ. ಪಾಠ ಹೇಳುವ ಇತಿಹಾಸವನ್ನೆಲ್ಲ ಕೆದಕುವ ನಾನು ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮಾವ ಕೊಡಗಿಗೆ ಹೋದರೆ ಎರಡು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ, ನೆಂಟರ ಮನೆಯಲ್ಲಿ ಆಯುಧದ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡುವಾಗ ಏನಾದರೂ ನೆಪ ಹೇಳಿ ಹೊರಗೆ ಹೋಗಿಬಿಡುತ್ತಿದ್ದರು. ಅವರು ಸೆರೆಯ ಕಥೆಯನ್ನು ಯಾರಿಗೂ ಹೇಳದೆಯೇ ತೀರಿಕೊಂಡುಬಿಡುತ್ತಾರೆಂಬ ಭಯ ನನ್ನ ಗಂಡನಿಗಿತ್ತು. ಫೋನಿನಲ್ಲಿ ವಿಷಯ ತಿಳಿಸಿದಾಗ, “ಕರ್ಕೊಂಡು ಹೋಗು. ಅಲ್ಲಾದರೂ ಬಾಯಿ ಬಿಡ್ತಾರಾ ನೋಡೋಣ” ಎಂದರು.

ಕರೋಲ್ ಬಾಗ್‌ನಲ್ಲಿ ಮಾವನಿಗೊಂದು ಸೂಟ್‌ಕೇಸ್ ಕೊಂಡೆ. ಅಂಗಡಿಯ ಭಯ್ಯಾ ಅದರ ಮೇಲೆ ಹತ್ತಿ ನಿಂತು ತೋರಿಸಿ, “ಮೇಡಂ, ಅಮೆರಿಕಾ ತಕ್ ಪೂರಾ ಗ್ಯಾರಂಟಿ” ಎಂದ. ಅಮೆರಿಕದವರೆಗೆ ಎಂಬ ಆ ಮಾತಿನಲ್ಲಿ ಆತ ಅಕ್ಷರಶಃ ಪ್ರಾಮಾಣಿಕನಾಗಿದ್ದ. ಬಾಸ್ಟನ್ನಿನ ಮೊದಲ ಕಲ್ಲುಹಾಸಿನ ಬೀದಿಯಲ್ಲೇ ಒಂದು ಚಕ್ರ ಕಳಚಿ ಚರಂಡಿಗೆ ಉರುಳಿತು.

ಬಾಸ್ಟನ್

ಅಮೆರಿಕನ್ನರು ಎದುರಿಗೆ ಸಿಕ್ಕವರನ್ನೆಲ್ಲ “ಹೌ ಆರ್ ಯೂ” ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಇದು ಮಾವನಿಗೆ ಯಾರೂ ಹೇಳಿರಲಿಲ್ಲ. ಹೋಟೆಲಿನ ಬಾಗಿಲಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ಹಾಗೆ ಕೇಳಿ ನಾಲ್ಕು ಹೆಜ್ಜೆ ಮುಂದೆ ಹೋಗಿಯಾಗಿತ್ತು. ಮಾವ ನಿಂತು, ಬೆನ್ನು ನೇರ ಮಾಡಿ, ತಮ್ಮ ಪಟಾಲಮ್ಮಿನ ಇಂಗ್ಲಿಷಿನಲ್ಲಿ ಎಡಮಂಡಿಯ ವರದಿ ಕೊಡತೊಡಗಿದರು. ಆ ಪುಣ್ಯಾತ್ಮ ನಾಯಿಯ ಸಮೇತ ವಾಪಸು ಬಂದು, ಮಂಡಿಯ ಕಥೆ ಪೂರ್ತಿ ಕೇಳಿ, ತನ್ನ ಮಂಡಿಯ ಕಥೆಯನ್ನೂ ಹೇಳಿದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ದೇಚುಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತ್ತು.

“ಮಮ್ಮಾ, ತಾತಾ ಕೋ ಬೋಲೋ ನಾ, ಸುಮ್ನೆ ‘ಗುಡ್’ ಅಂದ್ರೆ ಸಾಕು.”

“ಕೇಳಿದ್ರಲ್ಲ, ಹೇಳಿದೆ” ಎಂದರು ಮಾವ.

ಚಹಾ ಎಸೆದ ಜಾಗದಲ್ಲಿ ಈಗ ಹಳೆಯ ಕಾಲದಂಥ ಹಡಗುಗಳನ್ನು ಕಟ್ಟಿ ನಿಲ್ಲಿಸಿದ್ದಾರೆ. ಉದ್ದ ಕೋಟಿನ ನಟನೊಬ್ಬ ನಮ್ಮನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ತೆರಿಗೆಯ ವಿರುದ್ಧ ಘೋಷಣೆ ಕೂಗಿಸಿ, ಹಡಗಿಗೆ ಹತ್ತಿಸಿ, ಪೆಟ್ಟಿಗೆಗಳನ್ನು ನೀರಿಗೆ ಎಸೆಯಲು ಬಿಟ್ಟ. ಪೆಟ್ಟಿಗೆಗಳಿಗೆ ಹಗ್ಗ ಕಟ್ಟಿದೆ. ಎಸೆಯುವುದು, ಚಪ್ಪಾಳೆ ತಟ್ಟುವುದು, ಮತ್ತೆ ಎಳೆದು ಮೇಲಿಟ್ಟು ಮುಂದಿನವರಿಗೆ ಕೊಡುವುದು. “ಯೇ ತೋ ಚೀಟಿಂಗ್ ಹೈ!” ಎಂದಳು ದೇಚು, ಆದರೂ ಎರಡು ಸಲ ಎಸೆದಳು. ಮಾವ ಕೈಕಟ್ಟಿ ನಿಂತಿದ್ದರು.

“ನೀವೂ ಒಂದು ಎಸೀರಿ ಮಾವ.”

“ಚಹಾ ತಾನೇ, ಅವರೇ ಎಸೀಲಿ. ಕಾಫಿ ಆಗಿದ್ರೆ ಮಾತ್ರ ಅಡ್ಡ ಬರ್ತಿದ್ದೆ.”

ಆ ಚಹಾ ಎಲ್ಲಿಂದ ಬಂದಿತ್ತು ಎಂದು ನಟನನ್ನು ಕೇಳಿದೆ. ಚೀನಾದಿಂದ ಎಂದ. ನಾನು ಪೆಚ್ಚಾದೆ. ತಂದಿದ್ದು ನಮ್ಮನ್ನು ಆಳಿದ ಅದೇ ಈಸ್ಟ್ ಇಂಡಿಯಾ ಕಂಪನಿಯಾದ್ದರಿಂದ ಚಹಾವೂ ನಮ್ಮ ಅಸ್ಸಾಮಿನದೇ ಎಂದು ಪ್ರತಿ ವರ್ಷ ಎದೆಯುಬ್ಬಿಸಿ ಪಾಠ ಮಾಡಿದ್ದೆ. ಅಸ್ಸಾಮಿನಲ್ಲಿ ಕಂಪನಿ ಚಹಾ ಬೆಳೆಯುವುದಕ್ಕೆ ಇನ್ನೂ ಅರ್ಧ ಶತಮಾನವಿತ್ತು. ಆ ಘಟನೆಯ ಮೇಲೆ ಇಲ್ಲಿ ಚಹಾ ಕುಡಿಯುವವರನ್ನು ಜನ ದೇಶದ್ರೋಹಿಯಂತೆ ನೋಡಿದರಂತೆ, ಎಷ್ಟೋ ಮನೆಗಳು ಕಾಫಿಗೆ ತಿರುಗಿದವಂತೆ. ಇದನ್ನು ಕೇಳಿದ ಮೇಲೆ ಮಾವನಿಗೆ ಅಮೆರಿಕದ ಕ್ರಾಂತಿಯ ಬಗ್ಗೆ ಮೊದಲ ಬಾರಿಗೆ ಗೌರವ ಬಂತು.

ಫಿಲಡೆಲ್ಫಿಯಾ

ಇಲ್ಲಿ ಜಗಳವಾಯಿತು. ಘೋಷಣೆಗೆ ಒಪ್ಪಿಗೆ ಕೊಟ್ಟ ಸಭಾಂಗಣಕ್ಕೆ ಹೋಗುವವರು ತಪಾಸಣೆಯನ್ನು ದಾಟಬೇಕು. ಮಾವನ ಜೇಬಿನಲ್ಲಿ ಹಣ್ಣು ಕತ್ತರಿಸುವ ಪುಟ್ಟ ಮಡಚು ಚಾಕು ಸಿಕ್ಕಿತು. ವಿಮಾನದಲ್ಲಿ ಅದನ್ನು ಸೂಟ್‌ಕೇಸಿಗೆ ಹಾಕಿಸಿದ್ದೆ, ಇಳಿದ ಮೇಲೆ ಮತ್ತೆ ಜೇಬಿಗೆ ಸೇರಿತ್ತು. ಕಾವಲಿನ ಹೆಂಗಸು ಬಹಳ ಮರ್ಯಾದೆಯಿಂದಲೇ ಹೇಳಿದಳು: ಇದನ್ನು ಇಲ್ಲಿ ಕೊಟ್ಟರೆ ಒಳಗೆ ಹೋಗಬಹುದು, ಇಲ್ಲವಾದರೆ ಇಲ್ಲ. ಕೈ ಚಾಚಿದಳು.

ಮಾವ ಆ ಕೈಯನ್ನೇ ನೋಡಿದರು. ಚಾಕುವನ್ನು ಮುಷ್ಟಿಯಲ್ಲಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು.

“ಕೊಡಲ್ಲ.”

“ಮಾವ, ಸಣ್ಣ ಚಾಕು. ನಾಳೆ ಇನ್ನೊಂದು ತಗೊಳ್ಳೋಣ.”

“ನೀವು ಹೋಗಿ ಬನ್ನಿ. ನಾನು ಕೊಡಲ್ಲ.”

ಹಿಂದೆ ಸಾಲು ಬೆಳೆಯುತ್ತಿತ್ತು. ಇಷ್ಟು ದೂರ ಬಂದು ಇಂಥ ಹಟವೇ ಎಂದು ನನಗೆ ಸಿಟ್ಟು ಬಂತು, ಅದು ಮುಖದಲ್ಲೂ ಕಂಡಿರಬೇಕು. ಅವರು ಎದುರಿನ ಮರದ ಕೆಳಗಿನ ಬೆಂಚಿನ ಮೇಲೆ ಹೋಗಿ ಕೂತರು. ನಾವಿಬ್ಬರು ಒಳಗೆ ಹೋದೆವು.

ಒಳಗೆ ಹಸಿರು ಬಟ್ಟೆ ಹೊದಿಸಿದ ಮೇಜುಗಳು, ನಮ್ಮ ಶಾಲೆಯ ಸ್ಟಾಫ್ ರೂಮಿಗಿಂತ ತುಸು ದೊಡ್ಡ ಕೋಣೆ. ಸ್ವಾತಂತ್ರ್ಯದ ಘೋಷಣೆಯೂ ಇಲ್ಲೇ, ಹನ್ನೊಂದು ವರ್ಷದ ಮೇಲೆ ಸಂವಿಧಾನವೂ ಇಲ್ಲೇ. ನಡುವೆ ರಾಜ್ಯಗಳು ಒಂದಾಗಲು ಮಾಡಿಕೊಂಡ ಮೊದಲ ಒಪ್ಪಂದ ಕುಂಟುತ್ತ ಹೋಗಿ ಕುಸಿದಿತ್ತು ಎಂಬುದು ನಮ್ಮ ಪುಸ್ತಕದಲ್ಲಿಲ್ಲ. ಎರಡನೆಯ ಸಲ ಕೂತಾಗ ಮಾತು ಹೊರಗೆ ಹೋಗಬಾರದೆಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡಿದ್ದರಂತೆ. “ವಿದೌಟ್ ಏಸಿ? ಉಣ್ಣೆ ಕೋಟ್ ಹಾಕ್ಕೊಂಡು?” ಎಂದು ದೇಚು ಬಾಯಿ ತೆರೆದಳು. ಜೂನಿನ ದೆಹಲಿಯಲ್ಲಿ ಕರೆಂಟು ಹೋದಾಗ ಅವಳು ಮಾಡುವ ರಂಪ ನೆನೆದು ನನಗೆ ನಗು ಬಂತು.

ಆದರೆ ಅಲ್ಲಿ ಕೇಳಿದ ಇನ್ನೊಂದು ವಿಷಯ ನಗಿಸಲಿಲ್ಲ. ಯಾವ ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಎಂದು ತಲೆ ಎಣಿಸುವಾಗ ಗುಲಾಮರನ್ನು ಹೇಗೆ ಎಣಿಸುವುದು ಎಂಬ ಚರ್ಚೆ ಬಂತಂತೆ. ಐದು ಜನ ಗುಲಾಮರೆಂದರೆ ಮೂರು ಜನ ಎಂದು ತೀರ್ಮಾನವಾಯಿತು. ಹಸಿರು ಬಟ್ಟೆಯ ಮೇಜುಗಳ ಸುತ್ತ ಕೂತು, ಓದು ಬಲ್ಲ, ದೇವರಿಗೆ ಹೆದರುವ ಮನುಷ್ಯರು ಮಾಡಿದ ತೀರ್ಮಾನ ಇದು. ದೇಚು ಮಾರ್ಗದರ್ಶಿಯನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಹೊರಗೆ ಬಂದಾಗ ಮಾವ ಸೇಬು ಕತ್ತರಿಸಿ ಇಬ್ಬರಿಗೂ ಹೋಳು ಮಾಡಿ ಇಟ್ಟಿದ್ದರು. ನಾನು ಸಿಟ್ಟಿನಲ್ಲೇ ತಿಂದೆ.

ಜೇಮ್ಸ್‌ಟೌನ್

ವರ್ಜೀನಿಯಾದಲ್ಲಿ ಕಾರು ಬಾಡಿಗೆಗೆ ಪಡೆದೆವು. ಬಲಗಡೆ ಓಡಿಸುವುದು ಅರ್ಧ ದಿನದಲ್ಲಿ ಬಂತು, ಹಾರ್ನ್ ಒತ್ತದಿರುವುದು ಬರಲಿಲ್ಲ. ದೆಹಲಿಯಲ್ಲಿ ನಾವು ಹಾರ್ನ್ ಮಾಡುವುದು ಬೈಯುವುದಕ್ಕಲ್ಲ, ನಾನಿಲ್ಲಿದ್ದೇನೆ ಎಂದು ತಿಳಿಸುವುದಕ್ಕೆ. ಮರಗಳ ನಡುವಿನ ನಿರ್ಜನ ರಸ್ತೆಯಲ್ಲಿ ಮುಂದಿದ್ದ ಹಳೆಯ ಟ್ರಕ್ಕನ್ನು ದಾಟುವಾಗ ಎಂದಿನಂತೆ ಎರಡು ಸಲ ಒತ್ತಿದೆ. ಟ್ರಕ್ಕು ನಿಂತೇಬಿಟ್ಟಿತು. ಭಾರಿ ಗಡ್ಡದ ಮನುಷ್ಯ ಇಳಿದು ಓಡುತ್ತ ಬಂದ. ಒಬ್ಬಳೇ ಮಗಳು, ವಯಸ್ಸಾದ ಮಾವ, ಇನ್ನೇನು ಗತಿ ಎಂದುಕೊಂಡೆ. ಅವನು ಕಿಟಕಿಗೆ ಬಗ್ಗಿ, ಏನಾಯಿತು, ಯಾರಿಗಾದರೂ ಮೈ ಸರಿಯಿಲ್ಲವೇ, ಆಸ್ಪತ್ರೆಗೆ ದಾರಿ ತೋರಿಸಲೇ ಎಂದು ಕೇಳಿದ. ಸುಮ್ಮನೆ ಹಾರ್ನ್ ಮಾಡಿದೆ ಎಂದು ಹೇಳಲು ಬಾಯಿ ಬರದೆ ದಾರಿ ಕೇಳಿದಂತೆ ನಟಿಸಿದೆ. ಬೇರೆ ದಾರಿಯೇ ಇಲ್ಲದ ಆ ನೇರ ರಸ್ತೆಯಲ್ಲಿ ಅವನು ನೇರ ಹೋಗಿ ಎಂದ.

ಜೇಮ್ಸ್‌ಟೌನ್ ಒಂದು ನಡುಗಡ್ಡೆ. ಇಂಗ್ಲಿಷರು ಈ ದೇಶದಲ್ಲಿ ಮೊದಲು ಬೇರುಬಿಟ್ಟಿದ್ದು ಇಲ್ಲಿ. ಸುತ್ತ ಜೌಗು, ಸೊಳ್ಳೆ, ಮಂಗಳೂರಿನ ಕಡೆಯಂಥ ಬೆವರು. “ಇಷ್ಟು ದೊಡ್ಡ ದೇಶದಲ್ಲಿ ಇದೇ ಜಾಗ ಸಿಕ್ಕಿತಾ ಇವರಿಗೆ?” ಎಂದರು ಮಾವ. ಸೈನಿಕನ ಕಣ್ಣಿಗೆ ಉತ್ತರವೂ ತಾನಾಗಿ ಹೊಳೆಯಿತು, ನದಿಯ ತಿರುವಿನಲ್ಲಿ ಶತ್ರುವಿನ ಹಡಗು ಬಂದರೆ ದೂರದಿಂದ ಕಾಣುತ್ತದೆ ಎಂದರು. ಆದರೆ ಕುಡಿಯುವ ನೀರು ಉಪ್ಪು, ಬೇಸಾಯ ಗೊತ್ತಿಲ್ಲದ ಜನ, ಸುತ್ತಲ ಮೂಲನಿವಾಸಿಗಳ ಜೊತೆ ಕದನ. ಒಂದು ಚಳಿಗಾಲದಲ್ಲಿ ಹೆಚ್ಚಿನವರು ಹಸಿವಿನಿಂದಲೇ ಸತ್ತರು. ಆ ನೆಲವನ್ನು ಇನ್ನೂ ಅಗೆಯುತ್ತಿದ್ದಾರೆ. ಗುಂಡಿಯೊಂದರಲ್ಲಿ ಬ್ರಷ್ ಹಿಡಿದು ಕೂತಿದ್ದ ಕಪ್ಪು ಹೆಂಗಸೊಬ್ಬಳು ನಮ್ಮ ಜೊತೆ ಮಾತಿಗಿಳಿದಳು.

ಅವಳು ತೋರಿಸಿದ ಚರ್ಚಿನ ಜಾಗದಲ್ಲಿ ಒಂದು ಬೇಸಿಗೆಯಲ್ಲಿ ಈ ನೆಲದ ಇಂಗ್ಲಿಷರ ಮೊದಲ ಚುನಾಯಿತ ಸಭೆ ಕೂತಿತ್ತು. ಅದೇ ಬೇಸಿಗೆ ಕಳೆಯುವ ಮೊದಲು, ಇದೇ ನದಿಯ ಮುಖದ ಬಳಿ, ಸೆರೆಹಿಡಿದು ತಂದ ಆಫ್ರಿಕದ ಜನರನ್ನು ಹೊತ್ತ ಹಡಗು ಬಂದು ನಿಂತಿತು. ಯಾರು ಮೊದಲು ಬಂದರು ಎಂದು ದೇಚು ಕೇಳಿದಳು. ನಡುವೆ ಕೆಲವೇ ವಾರ ಎಂದಳು ಅವಳು. ಆಮೇಲೆ ಮಾವನ ಕಡೆ ತಿರುಗಿ, ಸರ್ ನೀವು ಸೈನ್ಯದಲ್ಲಿದ್ದಿರಾ, ನಿಲ್ಲುವ ರೀತಿಯಲ್ಲೇ ಗೊತ್ತಾಗುತ್ತದೆ, ನನ್ನ ತಂದೆಯೂ ಇದ್ದರು ಎಂದಳು. ಎಲ್ಲಿ ಹೋರಾಡಿದಿರಿ ಎಂದು ಕೇಳಿದಳು.

ಮಾವ ನದಿಯ ಕಡೆ ನೋಡಿದರು. “ಸ್ವಲ್ಪವೇ ಹೋರಾಡಿದೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಕಾರಿನ ಕಡೆ ನಡೆದರು. ದೇಚು ನನ್ನ ಮುಖ ನೋಡಿದಳು. ಏನೂ ಕೇಳಬೇಡ ಎಂದು ಕಣ್ಣಲ್ಲೇ ಹೇಳಿದೆ. ಇಪ್ಪತ್ತು ವರ್ಷದಲ್ಲಿ ನನಗೆ ಚೆನ್ನಾಗಿ ಬಂದಿದ್ದು ಅದೊಂದೇ.

ಯಾರ್ಕ್‌ಟೌನ್

ಜೇಮ್ಸ್‌ಟೌನಿನಿಂದ ಯಾರ್ಕ್‌ಟೌನಿಗೆ ಗೆರೆಗಳೇ ಇಲ್ಲದ ಅಗಲವಾದ ರಸ್ತೆ. ರೋಹಿಣಿಯಿಂದ ಮಾನೇಸರ್‌ಗೆ ಹೋಗುವುದಕ್ಕಿಂತ ಕಡಿಮೆ ದೂರ, ಒಂದು ಗಂಟೆಯೂ ಬೇಡ. ಇಂಗ್ಲಿಷರು ಇಳಿದ ಜಾಗಕ್ಕೂ ಸೋತ ಜಾಗಕ್ಕೂ ಇಷ್ಟೇ ಅಂತರ, ಆದರೆ ನಡುವೆ ನೂರೆಪ್ಪತ್ತು ವರ್ಷಕ್ಕೂ ಮೇಲೆ. ಮರುದಿನ ಬೆಳಿಗ್ಗೆ ಅಲ್ಲಿಗೆ ತಲುಪಿದೆವು.

ಮೊದಲು ವಸ್ತು ಸಂಗ್ರಹಾಲಯ. ಅದರ ಹಿಂದೆ ಆ ಕಾಲದ ಸೈನ್ಯದ ಬಿಡಾರ ಹಾಕಿ, ಹಳೆಯ ಸಮವಸ್ತ್ರ ತೊಟ್ಟವರು ಅಡುಗೆ, ಔಷಧಿ, ಕೋವಿ ಎಲ್ಲವನ್ನೂ ಮಾಡಿ ತೋರಿಸುತ್ತಾರೆ. ನಾವು ಇನ್ನೂ ಕಾರು ನಿಲ್ಲಿಸಿ ಇಳಿಯುತ್ತಿದ್ದೆವು. ಮರಗಳ ಆಚೆಯಿಂದ ಗುಂಡಿನ ಸದ್ದು ಬಂತು. ಒಂದು, ಹಿಂದೆಯೇ ಇನ್ನೊಂದು. ಆಮೇಲೆ ನಿಶ್ಶಬ್ದ.

ಮಾವ ಅಲ್ಲೇ ನಿಂತರು. ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದರು. “ಯಾರದು?” ಎಂದರು.

“ಏನು ಮಾವ?”

“ಯಾರು ತೀರಿಕೊಂಡಿದ್ದು?”

ಕೇಳಿದ ಮೇಲೆ ಅವರಿಗೇ ಗೊತ್ತಾಯಿತು. ಟೋಪಿ ಹಾಕಿಕೊಳ್ಳಲೋ ಬೇಡವೋ ಎಂದು ಕೈಯಲ್ಲೇ ಹಿಡಿದುಕೊಂಡರು. ದೇಚುಗೆ ಏನೂ ತಿಳಿಯದೆ, “ತಾತಾ, ಅದು ಡೆಮೋ. ಕ್ಯಾ ಹುವಾ?” ಎಂದಳು. ದೆಹಲಿಯಲ್ಲಿ ಬೆಳೆದ ಮಗಳಿಗೆ ನಾವು ಹೇಳಿರಲಿಲ್ಲ: ಕೊಡಗಿನಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ಸತ್ತರೆ ಒಂದರ ಹಿಂದೆ ಒಂದು ಎರಡು. ಗುಡ್ಡದಾಚೆಯವರು ಅದನ್ನು ಕೇಳಿಯೇ ಕೆಲಸ ಬಿಟ್ಟು ಬರುತ್ತಾರೆ. ಮಾವ ಅದನ್ನು ವಿವರಿಸಿದರು. ಅವಳು ಬೆರಗಿನಿಂದ ಕೇಳಿದಳು. ಆಮೇಲೆ, ಯಾರೂ ತಡೆಯುವ ಮೊದಲೇ, ಸೆರೆಯ ವಿಷಯ ಅಪ್ಪನಿಂದ ಅಷ್ಟಿಷ್ಟು ಕೇಳಿದ್ದ ಹದಿನೇಳರ ಬಾಯಿ ಮುಂದುವರಿಯಿತು.

“ಹಾಗಾದ್ರೆ ತಾತಾ, ನೀವು ಜೈಲಿಂದ ವಾಪಸ್ ಬಂದಾಗ ಎಷ್ಟು?”

ನಾನು ಅವಳ ತೋಳು ಹಿಡಿದೆ. ಮಾವ ಟೋಪಿ ಹಾಕಿಕೊಂಡರು. “ಆ ಬಯಲೆಲ್ಲಿದೆ? ಮೊದಲು ಅಲ್ಲಿಗೆ ಹೋಗೋಣ” ಎಂದರು. ವಸ್ತು ಸಂಗ್ರಹಾಲಯದ ಬಾಗಿಲನ್ನೂ ನೋಡದೆ ಮತ್ತೆ ಕಾರು ಹತ್ತಿದೆವು.

ಶರಣಾಗತಿಯ ಬಯಲಿನಲ್ಲಿ ನೋಡಲು ಏನೂ ಇಲ್ಲ. ಹುಲ್ಲು, ಮರದ ಬೇಲಿ, ಅಂಚಿನಲ್ಲಿ ಚಾವಣಿ ಹಾಕಿದ ಒಂದು ಕಟ್ಟೆ, ಪಕ್ಕದಲ್ಲಿ ಸೋತವರಿಂದ ವಶಪಡಿಸಿಕೊಂಡ ಕೆಲವು ಫಿರಂಗಿ. ಕಟ್ಟೆಯಲ್ಲಿ ಗುಂಡಿ ಒತ್ತಿದರೆ ಧ್ವನಿಯೊಂದು ನಡೆದದ್ದನ್ನು ಹೇಳುತ್ತದೆ. ಆ ಹೊತ್ತಿಗೆ ನಾವು ಮೂವರೇ ಇದ್ದೆವು. ದೇಚು ಒತ್ತಿದಳು, ನಾನು ಮಾವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಸೋತವರು ಧ್ವಜಗಳನ್ನು ಸುತ್ತಿ ಕಟ್ಟಿಕೊಂಡು ಬರಬೇಕಾಯಿತು, ಬಿಚ್ಚಲು ಅವಕಾಶವಿರಲಿಲ್ಲ. ಒಂದು ಕಡೆ ಅಮೆರಿಕನ್ನರು, ಇನ್ನೊಂದು ಕಡೆ ಫ್ರೆಂಚರು, ನಡುವಿನ ದಾರಿಯಲ್ಲಿ ಅವರು ನಡೆದರು. ಈ ಹುಲ್ಲಿನ ಮೇಲೆ ಒಬ್ಬೊಬ್ಬರಾಗಿ ಕೋವಿ ಇಟ್ಟರು. ಕೆಲವರು ಮುರಿದುಹೋಗಲಿ ಎಂದು ಎತ್ತಿ ಒಗೆದರು, ಕೆಲವರು ಅತ್ತರು.

“ಅವರ ಜನರಲ್?” ಎಂದರು ಮಾವ.

“ಮೈಗೆ ಹುಷಾರಿಲ್ಲ ಅಂತ ಬರಲಿಲ್ಲ. ಕತ್ತಿ ಕೊಡೋಕೆ ಕೆಳಗಿನ ಅಧಿಕಾರೀನ ಕಳಿಸಿದ.”

“ಆಮೇಲೆ ಅವನಿಗೇನಾಯ್ತು?”

ಇದು ನನಗೆ ಪುಸ್ತಕವಿಲ್ಲದೆಯೇ ಗೊತ್ತಿತ್ತು. ಐದೇ ವರ್ಷದಲ್ಲಿ ಅವನನ್ನು ಭಾರತಕ್ಕೆ ಗವರ್ನರ್ ಜನರಲ್ ಮಾಡಿ ಕಳಿಸಿದರು. ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಮೈಸೂರಿನ ಸುಲ್ತಾನನ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಳಾಗಿ ಕರೆದೊಯ್ದವನು ಅವನೇ. ಶಾಲೆಯಲ್ಲಿದ್ದಾಗ ಆ ಕೋಟೆಯ ಗೋಡೆಯ ಮೇಲೆ ಕೂತು ಬುತ್ತಿ ತಿಂದಿದ್ದೇನೆ. ಇಲ್ಲಿ ಸೋತವನೇ ಅಲ್ಲಿಗೆ ಬಂದಿದ್ದ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ಮಾವ ಸ್ವಲ್ಪ ನಕ್ಕರು. “ಸೋತ ಮೇಲೆ ಬಡ್ತಿ. ಕೋವಿ ಇಟ್ಟವರ ಹೆಸರೇನಾದ್ರೂ ಇದ್ಯಾ ಇಲ್ಲಿ?”

ಹುಡುಕಿದೆವು. ಇರಲಿಲ್ಲ. ಅವರನ್ನು ಸೆರೆ ಶಿಬಿರಗಳಿಗೆ ಕಳಿಸಿದರು ಎಂದಷ್ಟೇ ಇತ್ತು.

ಮಾವ ಕಟ್ಟೆಯ ಮೇಲೆ ಕೂತರು. ಆಮೇಲೆ ಯಾರೂ ಕೇಳದೆಯೇ, ಹುಲ್ಲನ್ನು ನೋಡುತ್ತ, ವರದಿ ಒಪ್ಪಿಸುವವರ ಹಾಗೆ ಹೇಳತೊಡಗಿದರು.

“ನನಗೆ ಇಪ್ಪತ್ತು ವರ್ಷ. ಗುಂಡು ಮುಗಿದಿತ್ತು. ಹವಾಲ್ದಾರ್ ಸತ್ತಿದ್ದ. ನಾವು ಐದು ಜನ ಉಳಿದಿದ್ವಿ. ಆ ಕಡೆಯವನು ಬಂದು ಕೈ ಚಾಚಿದ. ‘ದೇ ದೋ’ ಅಂದ. ಬೈಯಲಿಲ್ಲ, ಹೊಡೀಲಿಲ್ಲ. ಅವನೂ ನನ್ನ ವಯಸ್ಸಿನವನೇ. ನಾನು ಕೊಟ್ಟೆ. ನಮ್ಮಲ್ಲಿ ಕೋವಿ ಕೊಡೋದಾದ್ರೆ ಎರಡೂ ಕೈಲಿ ಕೊಡಬೇಕು, ಮಕ್ಕಳಾಗಿದ್ದಾಗಿಂದ ಅಭ್ಯಾಸ. ನಾನು ಅವನಿಗೂ ಎರಡೂ ಕೈಲಿ ಹಿಡಿದು ಕೊಟ್ಟೆ. ಅದು ಇನ್ನೂ ಕೈಲಿದೆ ನನಗೆ.”

ಮನೆಗೆ ಮೊದಲು ಹೋಗಿದ್ದು ಕಾಣೆಯಾಗಿದ್ದಾನೆ ಎಂಬ ತಂತಿ. ಆಮೇಲೆ ಊರ ಕಡೆಯ ಸೈನಿಕನೊಬ್ಬ ಬಂದು, ಬೋಪಯ್ಯ ಬಿದ್ದಿದ್ದನ್ನು ಕಣ್ಣಾರೆ ಕಂಡೆ ಎಂದ. ಮಾವನ ತಂದೆ ಅಂಗಳಕ್ಕೆ ಬಂದು ತಾವೇ ಎರಡು ಗುಂಡು ಹಾರಿಸಿದರು. ತಿಥಿಯೂ ಆಯಿತು. ಎರಡು ತಿಂಗಳ ಮೇಲೆ ಸೆರೆ ಶಿಬಿರದಿಂದ ಮಾವನ ಕಾಗದ ಮನೆಗೆ ಬಂತು.

“ಬಿಡುಗಡೆಯಾಗಿ ಬರೋವಾಗ ಬಸ್ಸಿನಲ್ಲಿ ಜೊತೆಗಿದ್ದವರು ಅಂದ್ರು, ಸತ್ತವನು ಎದ್ದು ಬರ್ತಿದ್ದೀಯ, ನಿಮ್ಮಪ್ಪ ಒಂದು ಹಾರಿಸ್ತಾರೆ ನೋಡು, ಹೊಸದಾಗಿ ಹುಟ್ಟಿದ ಹಾಗೆ. ಗುಡ್ಡ ಹತ್ತೋವಾಗ ಪೂರ್ತಿ ಅದನ್ನೇ ಕಾಯ್ತಿದ್ದೆ. ಅವ್ವ ಓಡಿ ಬಂದ್ರು, ಅಕ್ಕ ಬಂದ್ಲು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಜಗಲಿ ಮೇಲೆ ನಿಂತಿದ್ರು. ‘ಬಂದೆಯಾ’ ಅಂದ್ರು. ಒಳಗೆ ಹೋದ್ರು. ಅಷ್ಟೇ. ಗೋಡೆ ನೋಡಿದೆ. ಕೋವಿ ಇರಲಿಲ್ಲ. ಕಳುವಾಯ್ತು ಅಂತ ಊರವರು ಅಂದ್ರು, ನಾನು ನಂಬಲಿಲ್ಲ. ಒಂದು ಸಲ ಕೋವಿ ಕೊಟ್ಟವನ ಕೈಗೆ ಸಿಗಬಾರದು ಅಂತ ಎಲ್ಲೋ ಇಟ್ಟಿದ್ರು. ಅವರು ಸಾಯೋವರೆಗೂ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.”

ಅಮೆರಿಕದ ಹಡಗು, ಪೆಟ್ಟಿಗೆ, ಮೇಜಿನ ಬಟ್ಟೆಯ ಬಣ್ಣವನ್ನೂ ಕೇಳಿ ತಿಳಿದುಕೊಂಡ ನಾನು ಒಂದೇ ಮನೆಯಲ್ಲಿ ಊಟ ಬಡಿಸುತ್ತ ಇದನ್ನು ಕೇಳದೆ ಬಿಟ್ಟಿದ್ದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಈಗ ನಾಚಿಕೆಯಾಯಿತು.

ದೇಚು ಕಣ್ಣೊರೆಸಿಕೊಂಡು ಫೋನು ತೆಗೆದಳು. “ತಾತಾ, ನಿಮ್ಮಪ್ಪನ ಮನಸ್ಸಲ್ಲಿ ಏನಿತ್ತು ಅಂತ ನಿಮಗೆ ಹೇಗೆ ಗೊತ್ತು? ಯೂ ನೆವರ್ ಆಸ್ಕ್ಡ್! ನಿಮ್ಮಕ್ಕ ಇದ್ದಾರಲ್ಲ. ಪೂಛ್ ಲೋ.”

ಅಕ್ಕನೆಂದರೆ ಮಾವನ ದೊಡ್ಡಕ್ಕ ಮುತ್ತವ್ವ, ಎಂಬತ್ತು ದಾಟಿದವರು, ಗೋಣಿಕೊಪ್ಪದ ಬಳಿ ಮಗನ ಮನೆಯ ತುಂಬ ಮೊಮ್ಮಕ್ಕಳನ್ನು ಗದರಿಸಿಕೊಂಡಿದ್ದಾರೆ. ಅಲ್ಲಿ ಆಗ ರಾತ್ರಿ ಊಟದ ಹೊತ್ತು. ಮಾವ ಬೇಡ ಎನ್ನುವುದರೊಳಗೆ ಅಲ್ಲಿ ಫೋನು ರಿಂಗಾಗಿತ್ತು. ಅಕ್ಕ ತಮ್ಮ ಮಾತಾಡುವುದು ಕೊಡವ ಭಾಷೆಯಲ್ಲಿ. ಇಷ್ಟು ವರ್ಷದಲ್ಲಿ ನನಗದು ಚೆನ್ನಾಗಿ ತಿಳಿಯುತ್ತದೆ. ಮೊದಲು ಅಮೆರಿಕದಲ್ಲಿ ಅಕ್ಕಿ ಸಿಗುತ್ತದೆಯೇ, ಹಂದಿ ಸಿಗುತ್ತದೆಯೇ ಎಂದೆಲ್ಲ ಆಯಿತು. ಆಮೇಲೆ ಮಾವ ಕೇಳಿದರು, ಬಹಳ ಸಣ್ಣ ದನಿಯಲ್ಲಿ.

“ಅಕ್ಕಾ, ನಾನು ಸೆರೆಯಿಂದ ಬಂದ ದಿನ ಅಪ್ಪ ಯಾಕೆ ಗುಂಡು ಹಾರಿಸಲಿಲ್ಲ?”

ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಮುತ್ತವ್ವ ಯಾರನ್ನೋ ಸುಮ್ಮನಿರಲು ಗದರಿಸಿ, ಬಾಗಿಲು ಹಾಕಿಕೊಂಡರು.

“ಯಾವುದರಲ್ಲಿ ಹಾರಿಸೋದು? ಮನೆಯಲ್ಲಿ ಕೋವಿ ಎಲ್ಲಿತ್ತು? ನಿನ್ನ ಕಾಗದ ಬಂತಲ್ಲ, ಅವತ್ತೇ ಅಪ್ಪ ಅದನ್ನ ತಗೊಂಡು ಹೋಗಿ ಹೊಳೆಗೆ ಹಾಕಿದ. ಬದುಕಿರೋ ಮಗನಿಗೆ ಎರಡು ಹೊಡೆದೆ, ಇದು ಮನೆಯಲ್ಲಿರಬಾರದು ಅಂದ. ನಾನು ಹಿಂದೆ ಓಡಿದೆ. ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡ. ಊರಿಗೆ ಕಳುವಾಯ್ತು ಅಂತ ಹೇಳಿದ. ನೀನು ಬರೋವಾಗ ಬರಿಗೈಲಿ ನಿಂತಿದ್ದ, ಪಾಪ. ನಿನ್ನ ಮುಖ ನೋಡೋಕೆ ಅವನಿಗೆ ನಾಚಿಕೆ ಕಣೋ. ನೀನು ಒಂದು ಸಲ ಕೇಳಿದ್ರೆ ಹೇಳ್ತಿದ್ದೆ. ನೀನು ಯಾವತ್ತು ನಿಂತು ಕೇಳಿದ್ದೀಯ, ಎರಡು ದಿನಕ್ಕೆ ಹೊರಡ್ತಿದ್ದೆ.”

ಮಾವ ಅಳುತ್ತಿದ್ದರು. ನಾನು ಅವರು ಅಳುವುದನ್ನು ಕಂಡಿರಲಿಲ್ಲ, ಅತ್ತೆ ಹೋದಾಗಲೂ ಕಂಡಿರಲಿಲ್ಲ. ದೇಚು ಅವರ ಪಕ್ಕ ಕೂತು ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದಿದ್ದಳು. ಬಯಲಿನ ಆಚೆ ತುದಿಯಲ್ಲಿ ಒಂದು ಸಂಸಾರ ಕಾರಿನಿಂದ ಇಳಿದು ನಮ್ಮ ಕಡೆ ಬರುತ್ತಿತ್ತು.

“ಯಾವ ಕೋವಿ ಅಕ್ಕಾ? ಅಜ್ಜನ ಕಾಲದ್ದಾ? ಬೆಳ್ಳಿ ಕಟ್ಟಿದ್ದು?”

“ಅದೇ. ಇನ್ಯಾವುದಿತ್ತು ನಮ್ಮಲ್ಲಿ?”

“ಅಷ್ಟು ಒಳ್ಳೆಯ ಕೋವಿ” ಎಂದರು ಮಾವ. ಅಳುವಿನ ನಡುವೆ ನಗು ಬಂದು ಮಾತು ತೊದಲಿತು. “ಅಷ್ಟು ಒಳ್ಳೆಯ ಕೋವೀನ ಹೊಳೆಗೆ ಹಾಕಿದ್ರಾ?”

“ಹೌದು ಕಣೋ. ನಿನಗಿಂತ ಒಳ್ಳೆಯದಾ ಅದು?” ಎಂದರು ಮುತ್ತವ್ವ.